ಎರಡನೆಯ ಸೂಜಿ

ಇಟ್ಟಿಗಿ ಸುತ್ತಿನ ಕುರಿಹಟ್ಟಿಗಳಿಗೆ ಹೋಗಿ ಹುಲುಗಮ್ಮ ಎಂದು ಕೇಳಿದರೆ, ಯಾವ ಹುಲುಗಮ್ಮ ಎಂದು ತಿರುಗಿ ನಿಮ್ಮನ್ನೇ ಕೇಳುತ್ತಿದ್ದರು. ಐಸ್ ಡಬ್ಬಿ ಹುಲುಗಮ್ಮ ಎಂದರೆ ಹಟ್ಟಿಯ ನಾಯಿಗಳಿಗೂ ಗೊತ್ತಾಗುತ್ತಿತ್ತು. ನೀಲಿ ಬಣ್ಣದ ಲಸಿಕೆ ಡಬ್ಬಿ ಅದು. ಒಂದು ಮೂಲೆ ಒಡೆದಿತ್ತು, ಹಿಡಿ ಕಿತ್ತುಹೋದ ಕಡೆ ಹಳೆಯ ಸೀರೆಯ ಅಂಚು ಕಟ್ಟಿದ್ದಳು. ಅದು ಅವಳ ಎಡ ಹೆಗಲಿಗೆ ನೇತುಬಿದ್ದು ಎಷ್ಟು ಕಾಲವಾಗಿತ್ತೆಂದರೆ, ಡಬ್ಬಿ ಇಲ್ಲದ ದಿನವೂ ಅವಳು ಎಡಕ್ಕೆ ವಾಲಿಕೊಂಡೇ ನಡೆಯುತ್ತಿದ್ದಳು.

ಡಬ್ಬಿ ಮೊದಲು ಅವಳ ಗಂಡನದು. ಸೋಮಪ್ಪ ಪಶು ಆಸ್ಪತ್ರೆಯಲ್ಲಿ ಜವಾನನಾಗಿದ್ದ. ಕಾಮಾಲೆಯಾಗಿ, ಇವತ್ತು ಇಳಿಯುತ್ತದೆ ನಾಳೆ ಇಳಿಯುತ್ತದೆ ಎನ್ನುತ್ತಲೇ ತೀರಿಹೋದ. ಏನೋ ಒಂದು ಹಳೆಯ ಮಾತಿಗೆ ಮುನಿದು ಮಾತು ಬಿಟ್ಟಿದ್ದ ಅವನ ಒಡಹುಟ್ಟಿದ ಅಣ್ಣ ಹೆಣಕ್ಕೂ ಬರಲಿಲ್ಲ. ಅದೇ ಓಣಿಯ ಕೊನೆಯ ಮನೆ, ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದ. ಗಂಡ ಸತ್ತದ್ದಕ್ಕಿಂತ ಆ ಮುಚ್ಚಿದ ಬಾಗಿಲಿನ ಮುಂದೆ ಹೆಣ ಹಾದುಹೋದದ್ದು ಹುಲುಗಮ್ಮನ ಎದೆಯಲ್ಲಿ ಕೂತುಬಿಟ್ಟಿತು. ಸರ್ಕಾರ ಗಂಡನ ಕೆಲಸವನ್ನು ಅವಳಿಗೆ ಕೊಟ್ಟಿತು, ಕೆಲಸದ ಜೊತೆ ಗಂಡ ಹೊತ್ತ ಡಬ್ಬಿಯನ್ನೂ ಕೊಟ್ಟಿತು.

ಸೂಜಿ ಹಾಕುವವರು ಡಾಕ್ಟರ್ ಹಾಲೇಶಪ್ಪ. ಅವರು ಬೈಕಿನಲ್ಲಿ ಬರುತ್ತಿದ್ದರು. ಬೈಕಿನ ಹಿಂದೆ ಹೆಂಗಸು ಕೂತರೆ ಊರು ಆಡಿಕೊಳ್ಳುತ್ತದೆ, ಹಾಗಾಗಿ ಹುಲುಗಮ್ಮ ಮುಂಚೆಯೇ ಹೊರಟು ನಡೆಯಬೇಕು. ಹೊರುವುದು, ಕುರಿ ಹಿಡಿಯುವುದು, ಕೊನೆಗೆ ಬೈಸಿಕೊಳ್ಳುವುದು ಅವಳ ಪಾಲಿನ ಕೆಲಸ. ಈ ಮೂರರಲ್ಲಿ ಕೊನೆಯದೇ ಅವಳನ್ನು ಹೈರಾಣ ಮಾಡಿದ್ದು.

ಅದೇನು ಬೈಗುಳ ಅಂತೀರಾ? ಕುರಿಗೆ ಕರುಳುಬೇನೆ ಎಂಬ ರೋಗವಿದೆ. ಮುಂಗಾರಿನ ಮೊದಲ ಮಳೆಗೆ ಎಳೆ ಹುಲ್ಲು ಚಿಗುರಿದಾಗ, ಬೇಸಿಗೆಯೆಲ್ಲ ಒಣ ಕಡ್ಡಿ ಕಡಿದ ಕುರಿ ಆಸೆಬಿದ್ದು ಹೊಟ್ಟೆ ಬಿರಿಯುವಂತೆ ಮೇಯುತ್ತದೆ. ಸಂಜೆ ನೆಟ್ಟಗೆ ಹಟ್ಟಿಗೆ ಬಂದ ಕುರಿ ಬೆಳಗಾಗುವುದರೊಳಗೆ ಕಾಲು ಚಾಚಿರುತ್ತದೆ. ಸೊರಗಿದ್ದನ್ನು ಬಿಟ್ಟು ಮಂದೆಯಲ್ಲಿ ಕೊಬ್ಬಿದ್ದನ್ನೇ ಆರಿಸಿ ಒಯ್ಯುತ್ತದೆ ಆ ಹಾಳು ರೋಗ. ಅದಕ್ಕೆ ಲಸಿಕೆ ಇತ್ತು. ಮಳೆಗೆ ಮುಂಚೆ ಒಂದು ಸೂಜಿ, ಮೂರು ವಾರ ಬಿಟ್ಟು ಇನ್ನೊಂದು. ಮೊದಲನೆಯದು ಮೈಗೆ ರೋಗದ ಗುರುತು ಕಲಿಸುತ್ತದೆ, ಎರಡನೆಯದು ಅದನ್ನು ಗಟ್ಟಿಮಾಡುತ್ತದೆ. ಒಂದನ್ನೇ ಹಾಕಿ ಬಿಟ್ಟರೆ ಬಾಗಿಲು ಮುಂದೆ ಮಾಡಿ ಅಗುಳಿ ಹಾಕದೆ ಮಲಗಿದ ಹಾಗೆ.

ಆದರೆ ಎರಡನೆಯ ಸೂಜಿಗೆ ಕುರಿ ಸಿಗಬೇಕಲ್ಲ! ಯಾವ ಕುರಿಗಾರ ಮೂರು ವಾರ ಒಂದೇ ಕಡೆ ಕೂರುತ್ತಾನೆ? ಹುಲುಗಮ್ಮ ಬಿಸಿಲಲ್ಲಿ ಡಬ್ಬಿ ಹೊತ್ತು ಹೋದರೆ ಹಟ್ಟಿಯಿದ್ದ ಜಾಗದಲ್ಲಿ ಹಿಕ್ಕೆ, ಬೇಲಿಯ ಮುಳ್ಳು, ಮಸಿ ಹಿಡಿದ ಒಲೆಗಲ್ಲು ಇಷ್ಟೇ. ಕುರಿಗಳು ಅಷ್ಟು ಹೊತ್ತಿಗೆ ಹರಪನಹಳ್ಳಿ ದಾಟಿ ನಾಲೆಯ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಬೇಲಿಯೊಳಗೆ ತರುಬಿಸಿಕೊಂಡಿರುತ್ತಿದ್ದವು. ಅವಳು ಆ ಖಾಲಿ ಹಟ್ಟಿಯ ನೆರಳಿಲ್ಲದ ನೆಲದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಡಬ್ಬಿಯ ಒಡೆದ ಮೂಲೆಯಿಂದ ಐಸಿನ ನೀರು ಬೆನ್ನಿಗೆ ಇಳಿಯುತ್ತಿತ್ತು. ಮತ್ತೆ ಅಷ್ಟೇ ದಾರಿ ವಾಪಸು ನಡೆಯಬೇಕು.

ಮಳೆ ಬಿದ್ದ ಮೇಲೆ ಕುರಿಗಾರರು ತಿರುಗಿ ಬರುತ್ತಿದ್ದರು, ಕುರಿ ಸಾಯುತ್ತಿದ್ದವು. ಸತ್ತ ಕುರಿಯನ್ನು ಹೊತ್ತು ತಂದು ಆಸ್ಪತ್ರೆಯ ಕಟ್ಟೆಗೆ ಧೊಪ್ಪೆಂದು ಒಗೆದು, "ನೋಡಬೇ ನಿಮ್ಮ ಸೂಜಿ ಮಾಡಿದ ಕೆಲಸ! ಕೊಳೆತ ನೀರು ಚುಚ್ಚಿ ಹೋಗ್ತೀರಿ" ಎಂದು ಕೂಗಾಡುತ್ತಿದ್ದರು. ಡಾಕ್ಟರಿಗೆ ಅನ್ನಲು ಬಾಯಿ ಬಾರದು. ಹುಲುಗಮ್ಮ ಊರ ಹೊರಗಿನ ಕೇರಿಯವಳು, ಹಟ್ಟಿಯಲ್ಲಿ ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದರು. ಅವಳಿಗೆ ಅನ್ನಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅವಳು ಸತ್ತ ಕುರಿಯನ್ನು ಕಟ್ಟೆಯಿಂದ ಎಳೆದು ಹಾಕಿ, ನೀರು ಹೊಯ್ದು ತೊಳೆದು, ಒಳಗೆ ಹೋಗಿ ಗೋಡೆಗೆ ಒರಗುತ್ತಿದ್ದಳು. "ಸಾಕಾಗಿ ಹೋಗೇತ್ರಿ ಸಾಹೇಬ್ರ," ಎನ್ನುತ್ತಿದ್ದಳು. ಡಾಕ್ಟರೂ ನಿಟ್ಟುಸಿರು ಬಿಟ್ಟು ಕೈ ತೊಳೆಯುತ್ತಿದ್ದರು, ಪಾಪ, ಅವರಾದರೂ ಏನು ಮಾಡಿಯಾರು?

ತೊಂಬತ್ತೆಂಟರ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಪ್ರಯೋಗಶಾಲೆಯಿಂದ ಅರುಣಕುಮಾರ್ ಎಂಬ ವಿಜ್ಞಾನಿ ಜೀಪಿನಲ್ಲಿ ಬಂದರು. ತೆಳ್ಳಗಿನ ಮನುಷ್ಯ, ಮೂಗಿನ ತುದಿ ಬಿಸಿಲಿಗೆ ಆಗಲೇ ಸುಲಿದಿತ್ತು. ಅಂಗೈಯಗಲದ ಗಾಜಿನ ಬಿಲ್ಲೆಯ ಮೇಲೆ ನವಣೆ ಕಾಳಿನಷ್ಟು ದಪ್ಪದ ಬಿಳಿ ಕಾಳುಗಳನ್ನು ಸುರಿದು ತೋರಿಸಿದರು.

"ನೋಡಿ ಅಮ್ಮ, ಲಸಿಕೆ ಇದರೊಳಗೇ ಇದೆ. ಇದನ್ನ ಕುರಿಯ ಕಿವಿಯ ಚರ್ಮದಡಿ ಇಡ್ತೀವಿ. ಹೊರಗಿನ ಪದರ ಬೇಗ ಕರಗಿ ಮೊದಲನೇ ಡೋಸ್ ಬಿಡುತ್ತೆ. ಒಳಗಿನದು ಮೂರು ವಾರಕ್ಕೆ ಕರಗಿ ಎರಡನೇದು ಬಿಡುತ್ತೆ. ಕಾಳು ಅಲ್ಲೇ ಮೈಯಲ್ಲಿ ಇಲ್ಲವಾಗುತ್ತೆ. ಮೊಸರು ಹುಳಿಯಾಗುತ್ತಲ್ಲ, ಅಂಥ ಹುಳಿಯಿಂದಲೇ ಮಾಡಿರೋದು. ಮೈಯ ಬಿಸಿ, ಮೈಯ ನೀರು ಇದ್ದರೆ ತಾನಾಗಿ ಕರಗುತ್ತೆ. ಹೊರಗಿದ್ದರೆ ಹೀಗೇ ಇರುತ್ತೆ."

ಹುಲುಗಮ್ಮ ಕಾಳುಗಳನ್ನೇ ನೋಡುತ್ತ ಕೇಳಿದಳು, "ಅಂದ್ರ ಎರಡನೇ ಸಲ ನಡಿಯೋದು ಬ್ಯಾಡೇನ್ರಿ?"

"ಬೇಡ. ಒಂದೇ ಸಲ."

ಅವಳಿಗೆ ಅಳು ಬಂದ ಹಾಗಾಯಿತು. ಕುರಿ ಬದುಕುತ್ತವೆ ಎಂದಲ್ಲ, ದೇವರಾಣೆ, ಆ ಕ್ಷಣಕ್ಕೆ ಅವಳು ನೆನೆದದ್ದು ತನ್ನ ಕಾಲುಗಳನ್ನೇ. ಆ ಖಾಲಿ ಹಟ್ಟಿಗಳ ಮುಂದೆ ಇನ್ನು ನಿಲ್ಲಬೇಕಾಗಿಲ್ಲ, ಕಟ್ಟೆಯ ಮೇಲೆ ಇನ್ನು ಯಾರೂ ಹೆಣ ಒಗೆಯುವುದಿಲ್ಲ.

ಆದರೆ ಪ್ರಯೋಗಕ್ಕೆ ಮಂದೆ ಕೊಡುವವರು ಯಾರು? ಯಾರೂ ಒಪ್ಪಲಿಲ್ಲ. ಕೊನೆಗೆ ಹುಲುಗಮ್ಮ ಹೋಗಿ ನಿಂತದ್ದು ದುರುಗಪ್ಪ ಮತ್ತು ಅವನ ತಮ್ಮ ಪಕ್ಕೀರಪ್ಪನ ಹಟ್ಟಿಗೆ. ಅಪ್ಪ ತೀರಿಕೊಂಡ ಮೇಲೂ ಅಣ್ಣತಮ್ಮ ಒಂದೇ ಮಂದೆ ಇಟ್ಟುಕೊಂಡಿದ್ದರು. ದುರುಗಪ್ಪ ಅಳೆದು ಸುರಿದು ಮಾತಾಡುವವನು. ಪಕ್ಕೀರಪ್ಪನ ಬಾಯಿಗೆ ಬೇಲಿ ಇಲ್ಲ, ಬೈಯುವುದಕ್ಕೂ ಮುಂದು, ನಗುವುದಕ್ಕೂ ಮುಂದು.

"ಕಿವ್ಯಾಗ ಕಾಳು ಬಿತ್ತತೀರಿ ಅಂದಂಗಾತು," ಎಂದ ಪಕ್ಕೀರಪ್ಪ. "ಮಳಿ ಬಂದು ಮೊಳಕಿ ಒಡದ್ರ ಕುರಿ ಮೇಸೋದೋ, ಕಿವಿ ಕುಯ್ಲು ಮಾಡೋದೋ?"

ಹಟ್ಟಿಯ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಹುಲುಗಮ್ಮನೂ ನಕ್ಕಳು. ಆಮೇಲೆ ಹೇಳಿದಳು, "ನನ್ನ ಮಗಳು ಕೋಮಲಾನ್ನ ನೀಲಗುಂದಕ್ಕ ಕೊಟ್ಟೀನಿ, ಗೊತ್ತಲ್ಲ. ಹೋದ ವರ್ಸ ಹಡದಾಗ ಆಸ್ಪತ್ರ್ಯಾಗ ಹೊಲಿಗಿ ಹಾಕಿದ್ರು. ಬಿಚ್ಚಸಾಕ ಯಾವಾಗ ಕರಕೊಂಡು ಬರ್ಲಿ ಅಂದೆ. ಬರಬ್ಯಾಡಬೇ, ಇದು ಕರಗೋ ದಾರ ಅಂದ್ರು. ನಾನೂ ನಂಬಲಿಲ್ಲ. ದಿನಾ ನೋಡಿದೆ. ಕರಗೇ ಹೋತು. ಇದೂ ಅಂಥದ, ಯಜಮಾನಾ. ಮೈಯಾಗ ಹಾಕಿದ್ದು ಮೈಯಾಗ ಸೇರತೈತಿ."

ದುರುಗಪ್ಪ ಕುರಿಗಳ ಕಡೆ ನೋಡಿದ. "ಹೆಚ್ಚುಕಮ್ಮಿ ಆದ್ರ ಯಾರನ್ನ ಕೇಳಬೇಕು?"

"ನನ್ನ ಕೇಳ್ರಿ."

"ಸರ್ಕಾರದ ಮಾತು ಬ್ಯಾಡ. ನಿನ್ನ ಮಾತು ಹೇಳು."

"ನನ್ನ ಮಾತ ಹೇಳಾಕ ಹತ್ತೀನಿ. ಸೋಮಪ್ಪನ ಮ್ಯಾಗ ಆಣಿ," ಎಂದಳು. ಹನ್ನೊಂದು ಹಳ್ಳಿ ಸುತ್ತಿದರೂ ಅವಳ ಹತ್ತಿರ ತನ್ನದು ಅಂತ ಇದ್ದದ್ದು ಆ ಒಂದು ಮಾತೇ. ಅದನ್ನು ಅವತ್ತು ಆ ಹಟ್ಟಿಯಲ್ಲಿ ಇಟ್ಟು ಬಂದಳು.

ಕಾಳು ಇಡುವ ಕೆಲಸ ಬೆಳಗಿನಿಂದ ಸಂಜೆಯವರೆಗೆ ನಡೆಯಿತು. ಮುಟ್ಟಿ ನೋಡಲು ಸಲೀಸು ಎಂದು ಅರುಣಕುಮಾರ್ ಬಲಗಿವಿಯ ಹಿಂಬದಿಯನ್ನು ಆರಿಸಿದ್ದರು. ಹುಲುಗಮ್ಮ ಒಂದೊಂದೇ ಕುರಿಯ ಕುತ್ತಿಗೆಯನ್ನು ಮೊಣಕಾಲ ನಡುವೆ ಹಿಡಿದು, ಕಿವಿ ಬಿಡಿಸಿ ಒಡ್ಡುವಳು. ದಪ್ಪ ಸೂಜಿಯಿಂದ ಕಾಳು ಚರ್ಮದಡಿ ಸರಿಯುವುದು. ಹೊತ್ತು ಇಳಿಯುವಷ್ಟರಲ್ಲಿ ಅವಳ ಸೊಂಟ ಕಲ್ಲಾಗಿತ್ತು. ಹೊರಡುವಾಗ ಅರುಣಕುಮಾರ್, "ಒಂದು ತಿಂಗಳು ಆ ಕಿವಿಗೆ ಗಾಯ ಆಗಬಾರದು, ಅವರಿಗೆ ತಿಳಿಸಿಬಿಡಿ" ಎಂದರು. ಪಕ್ಕೀರಪ್ಪ ಆಗಲೇ ಕುರಿಗಳನ್ನು ಕೆರೆಗೆ ಹೊಡೆದುಕೊಂಡು ಹೋಗಿದ್ದ. ಹುಲುಗಮ್ಮ ದುರುಗಪ್ಪನಿಗೆ ಹೇಳಿದಳು, "ಯಜಮಾನಾ, ತಿಂಗಳತನ ಬಲಗಿವಿಗೆ ಯಾರೂ ಕೈ ಹಚ್ಚಬ್ಯಾಡ್ರಿ. ಮರೀಬ್ಯಾಡ್ರಿ." ದುರುಗಪ್ಪ "ಆತು" ಎಂದ.

ಈ ಸೀಮೆಯಲ್ಲಿ ಹಿರಿಯನಿಗೆ ಹೇಳಿದರೆ ಮನೆಗೆಲ್ಲ ಹೇಳಿದಂತೆ. ಹಟ್ಟಿಯ ಯಜಮಾನನಿಗೆ ಹೇಳಿದ ಮೇಲೆ ತಮ್ಮನಿಗೆ ಬೇರೆ, ಹೆಂಗಸರಿಗೆ ಬೇರೆ ಎಂದು ಹೇಳಿದರೆ ಯಜಮಾನನಿಗೇ ಅವಮಾನ. ಹುಲುಗಮ್ಮ ಹುಟ್ಟಿದಾಗಿನಿಂದ ನೋಡಿದ್ದೇ ಅದನ್ನು. ಹಾಗಾಗಿ ಅವಳು ಡಬ್ಬಿ ಎತ್ತಿಕೊಂಡು, ನೆಮ್ಮದಿಯಿಂದ, ಮನೆಗೆ ಹೋಗಿ ಮಲಗಿದಳು.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಹಟ್ಟಿಯಲ್ಲಿ ಜಗಳ ಹತ್ತಿತು. ಯಾವುದಕ್ಕೆ ಅಂತೀರಿ? ಸತ್ತ ಅಪ್ಪನ ಕಂಬಳಿಗೆ! ಅಪ್ಪ ಹೊದೆಯುತ್ತಿದ್ದ ಕರಿ ಕಂಬಳಿಯನ್ನು ದುರುಗಪ್ಪನ ಹೆಂಡತಿ ತನ್ನ ತಮ್ಮನಿಗೆ ಹೊದೆಸಿದಳಂತೆ. ಪಕ್ಕೀರಪ್ಪ ಅದನ್ನು ನೋಡಿ ಕೆಂಡವಾದ. ಒಂದು ಮಾತಿಗೆ ಹತ್ತು ಮಾತು ಬೆಳೆದು, ಅಣ್ಣ ತಮ್ಮ ಮಾತು ಬಿಟ್ಟು, ಬೇರೆಯವರ ಬಾಯಿಂದ ಮಾತಾಡತೊಡಗಿದರು. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎನ್ನುವುದು ಸುಮ್ಮನೆ ಅಲ್ಲ. ಮಂದೆ ಪಾಲಾಯಿತು.

ಮಂದೆ ಪಾಲಾದರೆ ಕಿವಿಗುರುತು ಬದಲಾಗಬೇಕು. ಯಾರ ಕುರಿ ಯಾವುದೆಂದು ತಿಳಿಯುವುದು ಕಿವಿಯಿಂದಲೇ. ಅಪ್ಪನ ಗುರುತು ಹಿರಿಯ ಮಗನಿಗೆ ಉಳಿಯುತ್ತದೆ, ಅವನ ಕುರಿಗಳಿಗೆ ಹೊಸದಾಗಿ ಕತ್ತರಿಸುವುದೇನೂ ಇಲ್ಲ. ಕಿರಿಯವನು ಬೇರೆ ಗುರುತು ಹಾಕಿಕೊಳ್ಳಬೇಕು. ಪಕ್ಕೀರಪ್ಪ ಓರೆಗಿವಿ ಹಿಡಿದ. ಅಂದರೆ ಬಲಗಿವಿಯನ್ನು ನಡುವಿನಿಂದ ಓರೆಯಾಗಿ ಕೊಯ್ದುಬಿಡುವುದು. ತನ್ನ ಪಾಲಿನ ಅಷ್ಟೂ ಕುರಿಗಳ ಕಿವಿಯನ್ನು ತಾನೇ ಕೊಯ್ದ. ಕೊಯ್ದ ಚೂರುಗಳನ್ನು ನಾಯಿ ಮುಟ್ಟಿದರೆ ಮಂದೆ ಚದುರುತ್ತದೆ ಎಂದು ಅವರಲ್ಲಿ ನಂಬಿಕೆ. ಅವನ್ನು ಗಡಿಗೆಯಲ್ಲಿ ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಹಟ್ಟಿಯ ಮೂಲೆಗಲ್ಲಿನ ಬುಡದಲ್ಲಿ ಹೂತ. ಅಣ್ಣ ಬೇಲಿಯ ಆಚೆ ನಿಂತೇ ಇದ್ದನಂತೆ. ಮರುದಿನ ಒಬ್ಬ ಹರಪನಹಳ್ಳಿಯ ದಾರಿ ಹಿಡಿದ, ಇನ್ನೊಬ್ಬ ಕೊಟ್ಟೂರಿನ ದಾರಿ.

ಇದ್ಯಾವುದೂ ಹುಲುಗಮ್ಮನಿಗೆ ಗೊತ್ತಿಲ್ಲ. ಮೂರು ವಾರ ಆಯಿತು, ಅವಳು ನಡೆಯಲಿಲ್ಲ. ಆಸ್ಪತ್ರೆಯ ಜಗಲಿಯಲ್ಲಿ ಕಾಲು ಚಾಚಿ ಕೂತು ಎಲೆಅಡಿಕೆ ಹಾಕಿಕೊಂಡಳು. ಅವಳ ಸರ್ವಿಸಿನಲ್ಲಿ ಅಂಥ ಬೇಸಿಗೆ ಅದೊಂದೇ.

ಮಳೆ ಬಿತ್ತು, ಹುಲ್ಲು ಬಂತು, ಮಂದೆಗಳು ತಿರುಗಿ ಬಂದವು. ಪಕ್ಕೀರಪ್ಪನ ಕುರಿಗಳು ಸಾಯತೊಡಗಿದವು. ಇವತ್ತು ಎರಡು, ನಾಳೆ ಐದು, ಆಮೇಲೆ ಎಣಿಸುವುದನ್ನು ಬಿಟ್ಟರು. ಕೂಗಳತೆಯ ದೂರದಲ್ಲಿ ದುರುಗಪ್ಪನ ಕುರಿಗಳು ಅದೇ ಹುಲ್ಲು ಮೇಯುತ್ತಿದ್ದವು. ಒಂದಕ್ಕೂ ಏನೂ ಆಗಲಿಲ್ಲ.

ಸುದ್ದಿ ಮುಟ್ಟಿ ಅರುಣಕುಮಾರ್ ಬಂದರು, ಹುಲುಗಮ್ಮನನ್ನು ಕರೆದುಕೊಂಡು ಹಟ್ಟಿಗೆ ಹೋದರು. ಪಕ್ಕೀರಪ್ಪ ಸತ್ತ ಕುರಿಗಳನ್ನು ಹಳ್ಳಕ್ಕೆ ಎಳೆದು ಹಾಕಲು ಹೋಗಿದ್ದ. ಉಳಿದ ಕುರಿಗಳ ಕಿವಿ ನೋಡಿದ ಅರುಣಕುಮಾರ್ ಕೊಯ್ದ ಅಂಚನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ಓಡಿ ದುರುಗಪ್ಪನ ಮಂದೆಗೆ ಹೋಗಿ ಕಿವಿಗಳನ್ನು ಒತ್ತಿ ಒತ್ತಿ ನೋಡಿದರು. ಕಾಳು ಕರಗಿ ಇಲ್ಲವಾಗಿತ್ತು.

"ಹುಲುಗಮ್ಮ! ತಿಳೀತಾ ನಿಮಗೆ? ಎರಡನೇ ಡೋಸ್ ಬಿಡೋದಕ್ಕೆ ಮುಂಚೆ ಕಾಳಿನ ಸಮೇತ ಕಿವಿ ಕತ್ತರಿಸಿದಾರೆ. ಅವಕ್ಕೆ ಒಂದೇ ಡೋಸ್ ಸಿಕ್ಕಿದೆ, ಇವಕ್ಕೆ ಎರಡು! ಒಂದೇ ಮಂದೆ, ಒಂದೇ ಹುಲ್ಲು! ನಾವು ಬೇಕು ಅಂದರೂ ಹೀಗೆ ಮಾಡೋಕಾಗ್ತಿರಲಿಲ್ಲ. ಇದಕ್ಕಿಂತ ಪುರಾವೆ ಬೇಕಾ?" ಅವರ ಮುಖದಲ್ಲಿ ಹಬ್ಬ. ಹಿಂದೆ ಹಳ್ಳದ ಕಡೆಯಿಂದ ಪಕ್ಕೀರಪ್ಪನ ಹೆಂಡತಿಯ ಅಳು ಕೇಳುತ್ತಿತ್ತು. ಹುಲುಗಮ್ಮ ಅಳು ಬಂದ ದಿಕ್ಕಿಗೆ ತಿರುಗಿದಳು. ಅರುಣಕುಮಾರ್ ಕೆಟ್ಟವರಲ್ಲ, ವರ್ಷಗಟ್ಟಲೆ ಕಾದ ಫಲ ಕಣ್ಣಮುಂದೆ ಬಂದಿತ್ತು. ಆದರೂ ಆ ಹೊತ್ತಿನಲ್ಲಿ ನಗಬಾರದಿತ್ತು.

ಜೀಪು ಹೋದ ಮೇಲೆ ಅವಳು ದುರುಗಪ್ಪನ ಹಟ್ಟಿಗೆ ನಡೆದಳು. ಅವನು ಬಿಸಿಲಲ್ಲೂ ಕಂಬಳಿ ಹೊದ್ದು ಕೂತಿದ್ದ.

"ಯಜಮಾನಾ, ಬಲಗಿವಿ ಮುಟ್ಟಬ್ಯಾಡ್ರಿ ಅಂತ ಹೇಳಿದ್ನಲ್ಲ ನಾ."

ದುರುಗಪ್ಪ ನೆಲ ಕೆರೆದ. "ಹೇಳಿದ್ದಿ."

"ತಮ್ಮ ಕೊಯ್ಯಾಕ ಹತ್ತಿದಾಗ ನೀ ಅಲ್ಲೇ ಇದ್ದಿ ಅಂತಾರ."

"ಇದ್ದೆ." ಕಂಬಳಿಯನ್ನು ಇನ್ನಷ್ಟು ಎಳೆದುಕೊಂಡು, "ಮಾತು ಬಿಟ್ಟಿದ್ದೆವವ್ವಾ" ಎಂದ.

ಅಷ್ಟೇ. ಅವಳಿಗೆ ಅವನ ಕೆನ್ನೆಗೆ 'ರಪ್' ಅಂತ ಬಾರಿಸಬೇಕೆನಿಸಿತು. ಅಷ್ಟರಲ್ಲಿ ಜನರ ಗದ್ದಲ ಕೇಳಿಸಿತು. ಪಕ್ಕೀರಪ್ಪ ಹಳ್ಳದಿಂದಲೇ ಬರುತ್ತಿದ್ದ, ಮೈಯೆಲ್ಲ ಕುರಿಯ ಕೊಳೆ, ಬಲಗೈ ಮುಷ್ಟಿ ಬಿಗಿದಿತ್ತು. ಮುಷ್ಟಿಯಲ್ಲಿ ಮಣ್ಣು.

"ಮಾಟ ಮಾಡಿಸ್ಯಾರ! ಇಲ್ಲಾಂದ್ರ ಅವನವು ಒಂದೂ ಸಾಯಲಾರದ ನನ್ನವ ಹೆಂಗ ಸತ್ತವು? ಇವತ್ತಿಗೆ ತೀರ್ತು, ಈ ಮನಿಗೆ ಮಣ್ಣು ತೂರಿ ಹೋಗ್ತೀನಿ!"

ಬಾಗಿಲಿಗೆ ಮಣ್ಣು ತೂರಿದರೆ ಮುಗಿಯಿತು, ಆಮೇಲೆ ಹೆಣಕ್ಕೂ ಹೋಗುವಂತಿಲ್ಲ. ಹುಲುಗಮ್ಮನಿಗೆ ತನ್ನ ಓಣಿಯ ಆ ಮುಚ್ಚಿದ ಬಾಗಿಲು ಕಣ್ಣಿಗೆ ಬಂತು. ನಿಜ ಹೇಳಿದರೂ ಅದೇ, ಹೇಳದಿದ್ದರೂ ಅದೇ. ಅಣ್ಣ ಬೇಕೆಂದೇ ಬಾಯಿ ಮುಚ್ಚಿದ ಎಂದರೆ ಮಣ್ಣಿನ ಬದಲು ಕೊಡಲಿಯೇ ಬರುತ್ತದೆ. ಅವಳು ಹೋಗಿ ಅಡ್ಡ ನಿಂತಳು.

"ಪಕ್ಕೀರಪ್ಪಾ, ಮಾಟಿಲ್ಲ ಮಂತ್ರಿಲ್ಲ. ಔಷಧ ಇದ್ದಿದ್ದು ಬಲಗಿವ್ಯಾಗ. ತಿಂಗಳತನ ಕಿವಿ ಕೊಯ್ಯಬ್ಯಾಡ್ರಿ ಅಂತ ಹೇಳಾಕ ಹೇಳಿದ್ರು. ನಾನ ಮರ್ತೆ. ಯಾರಿಗೂ ಹೇಳ್ಲಿಲ್ಲ. ಮಣ್ಣು ಒಗಿಯೋದಿದ್ರ ನನ್ನ ಮ್ಯಾಗ ಒಗಿ."

ಪಕ್ಕೀರಪ್ಪ ನಿಂತ. ಅವಳ ಹಿಂದೆ ಕಂಬಳಿಯಲ್ಲಿ ಮುದುಡಿ ಕೂತಿದ್ದ ಅಣ್ಣನನ್ನು ನೋಡಿದ, ನೋಡೇ ನೋಡಿದ. ದುರುಗಪ್ಪ ತಲೆ ಎತ್ತಲಿಲ್ಲ. ಆಮೇಲೆ ಪಕ್ಕೀರಪ್ಪ ಮುಷ್ಟಿ ಬಿಚ್ಚಿ ಮಣ್ಣನ್ನು ಹುಲುಗಮ್ಮನ ಮುಖಕ್ಕೆ ಎರಚಿದ. ಅದು ಅವಳ ಕೂದಲಿಗೆ, ಕಣ್ಣಿಗೆ, ಡಬ್ಬಿಯ ಮುಚ್ಚಳಕ್ಕೆ ಬಿತ್ತು. ಅವನು ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಸತ್ತ ಸೋಮಪ್ಪನನ್ನೂ ಬಿಡಲಿಲ್ಲ, ಕೋಮಲಾಳ ಕೂಸನ್ನೂ ಬಿಡಲಿಲ್ಲ.

ಅವಳ ಮಾತು ಆ ಹಟ್ಟಿಯಲ್ಲಿ ಹೀಗೆ ಮಣ್ಣುಗೂಡಿತು. ಸುದ್ದಿ ಎಲ್ಲ ಕಡೆ ಹಬ್ಬಿತು. ಮರೆವಿನ ಹುಲುಗಿ, ಕುರಿ ತಿಂದ ಹುಲುಗಿ. ಡಬ್ಬಿ ಕಂಡರೆ ಹೆಂಗಸರು ಮರಿಗಳನ್ನು ಒಳಗೆ ಒಯ್ಯುತ್ತಿದ್ದರು. ಇಲಾಖೆಯವರು ಡಾಕ್ಟರಿಂದ ವಿವರಣೆ ಕೇಳಿದರು, ಡಾಕ್ಟರು ಅವಳನ್ನು ಕೇಳಿದರು, ಅವಳು ಅಲ್ಲಿಯೂ ಮರೆತೆ ಎಂದೇ ಅಂದಳು. ಅಣ್ಣತಮ್ಮ? ದೀಪಾವಳಿಗೆ ಒಂದೇ ಒಲೆಯಲ್ಲಿ ಉಂಡರು. ಇಬ್ಬರ ನಡುವೆ ಸುಡುತ್ತಿದ್ದ ಸಿಟ್ಟನ್ನು ಸುರಿಯಲು ಅವರಿಗೊಂದು ಜಾಗ ಸಿಕ್ಕಿತ್ತಲ್ಲ! ದುರುಗಪ್ಪ ಒಂದು ದಿನವೂ ಅವಳನ್ನು ಬೈಯಲಿಲ್ಲ. ಅವಳು ಬಂದರೆ ತಾನೇ ಎದ್ದು ಕುರಿ ಹಿಡಿಯುತ್ತಿದ್ದ, ಕಣ್ಣು ಮಾತ್ರ ನೆಲದ ಮೇಲೆ. ಬಾಯಿ ಬಿಡಲೇ ಇಲ್ಲ, ಪುಣ್ಯಾತ್ಮ.

ಆ ಕಾಳು ಮತ್ತೆ ಬರಲಿಲ್ಲ. ಅರುಣಕುಮಾರ್ ಒಮ್ಮೆ ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ಸಿಕ್ಕರು, ತಲೆ ಅರ್ಧ ಬೆಳ್ಳಗಾಗಿತ್ತು. "ಕೆಲಸ ಮಾಡುತ್ತೆ ಅಮ್ಮ, ಅದರಲ್ಲಿ ಅನುಮಾನ ಇಲ್ಲ. ಆದರೆ ಕಾಳು ಮಾಡೋದೇ ಕುರಿಗಿಂತ ದುಬಾರಿ ಬೀಳುತ್ತೆ ಅಂತ ನಿಲ್ಲಿಸಿದರು. ಇನ್ನೊಂದು ಹತ್ತು ವರ್ಷ..." ಎಂದರು. ಅವರ ಬಸ್ಸು ಬಂತು, ಹತ್ತಿಕೊಂಡರು. ಹುಲುಗಮ್ಮ ಮತ್ತೆ ಎರಡೆರಡು ಸಲ ನಡೆದಳು. ಮೊದಲನೆಯದಕ್ಕೆ ಕುರಿ ಸಿಗುತ್ತಿದ್ದವು, ಎರಡನೆಯದಕ್ಕೆ ಹಿಕ್ಕೆ. ಪಕ್ಕೀರಪ್ಪನ ಹಟ್ಟಿ ಎದುರಾಗದ ಹಾಗೆ ಹಳ್ಳ ಇಳಿದು ಹತ್ತಿ ಸುತ್ತುಹಾಕಿ ಹೋಗುತ್ತಿದ್ದಳು. ಮಂಡಿ ಸವೆದಿತ್ತು. ಆ ಹಳ್ಳದ ಏರಿನಲ್ಲಿ ಪ್ರತಿ ಸಲ ಕೂತು ಎದ್ದು ಹೋಗಬೇಕಾಗುತ್ತಿತ್ತು.

ಎರಡು ಸಾವಿರದ ಏಳರ ಚಳಿಯಲ್ಲಿ ದುರುಗಪ್ಪ ತೀರಿಕೊಂಡ. ಅವಳು ಹೋಗಿ ದೂರದ ಬೇವಿನ ಮರದಡಿ ನಿಂತು ಬಂದಳು. ಪಕ್ಕೀರಪ್ಪ ಅಣ್ಣನ ಹೆಣಕ್ಕೆ ಹೆಗಲು ಕೊಟ್ಟಿದ್ದ. ಅದನ್ನು ನೋಡಿ ಅವಳಿಗೆ, ಹೋಗಲಿ ಬಿಡು, ಇಷ್ಟಾದರೂ ಆಯಿತಲ್ಲ ಎನಿಸಿತು. ಮುಂದಿನ ಬೇಸಿಗೆ ಅವಳ ಸರ್ವಿಸಿನ ಕೊನೆಯ ಬೇಸಿಗೆ. ಮೊದಲನೆಯ ಸೂಜಿಯ ಸುತ್ತಿಗೆ ಹೊರಟಾಗ ಹಳ್ಳದ ಏರಿನಲ್ಲಿ, ಅವಳು ಸದಾ ಕೂರುತ್ತಿದ್ದ ಕಲ್ಲಿನ ಮೇಲೆ, ಪಕ್ಕೀರಪ್ಪ ಕೂತಿದ್ದ. ಮುದುಕನಾಗಿದ್ದ. ಅವಳು ತಿರುಗಿ ಹೋಗಲು ನೋಡಿದಳು.

"ನಿಂದ್ರು," ಎಂದ. ಧೋತರದ ಸೆರಗಿನ ಗಂಟು ಬಿಚ್ಚಿದ. ಹುಣಸೆಯ ಸಿಪ್ಪೆಯಂತೆ ಒಣಗಿ ಸುರುಟಿದ ಕಿವಿಯ ಚೂರುಗಳು. "ಹಟ್ಟಿ ಆ ಕಡಿ ಹಾಕೋಣಂತ ಮೂಲಿಗಲ್ಲು ಕಿತ್ತೆ. ಗಡಿಗಿ ಸಿಕ್ತು." ಒಂದು ಚೂರನ್ನು ಮುರಿದ. ಒಳಗೆ ಬಿಳಿ ಕಾಳು ಕಾಳಾಗಿಯೇ ಇತ್ತು. "ಇನ್ನಾ ಕರಗಿಲ್ಲ ನೋಡು."

"ಮೈಯಾಗಿದ್ರ ಕರಗತಿತ್ತು," ಎಂದಳು ಹುಲುಗಮ್ಮ. ಉಗುರಿನಿಂದ ಒತ್ತಿದಳು, ಪುಡಿಯಾಯಿತು.

"ನೀ ಅಣ್ಣಗ ಹೇಳಿದ್ದಿ."

ಅವಳು ಬೆರಳಿನ ಪುಡಿಯನ್ನು ಸೆರಗಿಗೆ ಒರೆಸಿದಳು.

"ನನಗ ಅವತ್ತ ಗೊತ್ತಾತು. ನಾ ಕಿವಿ ಕೊಯ್ಯಾಕ ಹತ್ತಿದಾಗ ಅಣ್ಣ ಮಾರಿ ಆ ಕಡಿ ಮಾಡಿದ್ದ. ಕುರಿ ಕಿವಿ ಕೊಯ್ಯೋದು ನೋಡಾಕ ಆಗದಂಥ ಮನಶ್ಯಾ ಅಲ್ಲ ಅವ. ಯಾಕ ತಿರುಗಿದ ಅಂತ ತಿಳದಿದ್ದಿಲ್ಲ. ನೀ ಕಿವಿ ಅಂದ ಕೂಡ್ಲೆ ತಿಳೀತು. ಅವನ ಕಡಿ ನೋಡಿದೆ, ತಲಿ ಎತ್ತಲಿಲ್ಲ ಅವ."

ಹುಲುಗಮ್ಮ ಡಬ್ಬಿ ಕೆಳಗಿಟ್ಟಳು. "ಗೊತ್ತಿದ್ದೂ ಬೈದಿ?"

"ಅಣ್ಣನ್ನ ಬೈದಿದ್ರ ಅಣ್ಣ ಹೋಗಿಬಿಡತಿದ್ದ. ನಿನ್ನ ಬೈದ್ರ..." ಪಕ್ಕೀರಪ್ಪ ಮುಖ ಒರೆಸಿಕೊಂಡ. "ನಿನ್ನ ಎಷ್ಟು ಬೈದ್ರೂ ನೀ ಮುಂದಿನ ವರ್ಸ ಡಬ್ಬಿ ಹೊತಗೊಂಡು ಮತ್ತ ಬರ್ತಿದ್ದಿ. ಬರಲೇಬೇಕಿತ್ತಲ್ಲ ನಿನಗ."

ಅವಳಿಗೆ ಬಂದ ಸಿಟ್ಟು ಎಂಥದೆಂದರೆ, ಇಷ್ಟು ವರ್ಷ ಬೈಸಿಕೊಂಡಾಗಲೂ ಬಂದಿರಲಿಲ್ಲ. ಸುಳ್ಳು ಹೇಳಿ ಒಂದು ಮನೆ ಉಳಿಸಿದೆ ಎಂಬ ಸಮಾಧಾನವೊಂದಿತ್ತು ಅವಳಿಗೆ. ಈಗ ನೋಡಿದರೆ ಆ ಸುಳ್ಳನ್ನು ಯಾರೂ ನಂಬಿಯೇ ಇರಲಿಲ್ಲ, ಬಳಸಿಕೊಂಡಿದ್ದರು.

"ಅತ್ತಿ ಮ್ಯಾಲಿನ ಸಿಟ್ಟು ಕೊತ್ತಿ ಮ್ಯಾಲ ಅಂತಾರ. ನಿಮ್ಮ ಮನಿ ಕೊತ್ತಿ ಆದ್ನಲ್ಲೋ ನಾ!" ಎಂದಳು. "ಈ ಹಳ್ಳ ಇಳದು ಹತ್ತಿ ನನ್ನ ಮಂಡಿ ಹೋದ್ವು. ಒಂದು ದಿನಾರ, ಒಂದು ಹಟ್ಟ್ಯಾಗಾರ, ಹುಲುಗಮ್ಮಂದು ತಪ್ಪಲ್ಲ ಅಂತ ಬಾಯಿ ಬಿಡಬೇಕಿತ್ತು ನೀನು. ಸೋಮಪ್ಪನ ಮ್ಯಾಗ ಆಣಿ ಇಟ್ಟಿದ್ದೆ ನಾ. ಸತ್ತವ್ನ ಹೆಸರು ಕೆಡಿಸಿದ್ರಿ."

ಪಕ್ಕೀರಪ್ಪ ತಲೆ ಎತ್ತಲಿಲ್ಲ, ಥೇಟ್ ಅಣ್ಣನ ಹಾಗೆಯೇ ಕೂತ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಬೇರೆ ಹಟ್ಟಿಗಳ ದಾರಿ ಹಿಡಿದಳು. ಅವನು ಹಿಂದಿನಿಂದ, "ಎರಡನೇ ಸೂಜಿಗೆ ನಾ ಬರ್ತೀನಿ" ಎಂದದ್ದು ಕೇಳಿಸಿತು. ಅವಳು ನಂಬಲಿಲ್ಲ. ಎರಡನೆಯ ಸೂಜಿಗೆ ಯಾರೂ ಇರುವುದಿಲ್ಲ ಎನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮೂರು ವಾರ ಕಳೆದು, ಬೆಳಿಗ್ಗೆ ಅವಳು ಐಸ್ ತುಂಬಿ ಹೊರಗೆ ಬಂದಾಗ, ಒಂದು ಕಾಲಕ್ಕೆ ಸತ್ತ ಕುರಿ ಒಗೆಯುತ್ತಿದ್ದ ಆ ಕಟ್ಟೆಯ ಮೇಲೆ ಪಕ್ಕೀರಪ್ಪ ಕೂತಿದ್ದ. ಎದ್ದು ಡಬ್ಬಿಯನ್ನು ಅವಳ ಹೆಗಲಿನಿಂದ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ. ಅವನು ಮುಂದೆ, ಅವಳು ಹಿಂದೆ, ಡಾಕ್ಟರ ಬೈಕು ಆಮೇಲೆ ಬರಬೇಕು. ಮೊದಲ ಹಟ್ಟಿ ಮಂಜಣ್ಣನದು. ಮಂದೆ ಅಲ್ಲೇ ಇತ್ತು. ಪಕ್ಕೀರಪ್ಪ ಬೇಲಿಯ ಹೊರಗೆ ನಿಂತು, ಹಟ್ಟಿಯ ಹೆಂಗಸರು ಗಂಡಸರು ಎಲ್ಲ ಕೇಳುವ ಹಾಗೆ, ತನ್ನ ಆ ಒಡಕು ದನಿಯಲ್ಲಿ ಕೂಗಿದ.

"ಲೇ ಮಂಜಾ! ಹುಲುಗಮ್ಮ ಬಂದಾಳ, ಕುರಿ ಹಿಡೀರಿ. ನಿಲ್ರಿ ಅಂತ ನಾನ ಹೇಳಿ ಕಳಿಸಿದ್ದು. ಇನ್ನೊಂದು ಮಾತು ಕೇಳ್ರಿ. ಅವತ್ತು ನನ್ನ ಕುರಿ ಸತ್ತಿದ್ದು ಈಕಿ ತಪ್ಪಲ್ಲ. ಈಕಿ ಹೇಳಿದ್ಳು. ತಪ್ಪು ನಮ್ಮ ಮನಿದು. ನಮ್ಮಣ್ಣಂದು, ನಂದು."

ಮಂಜಣ್ಣನ ಹೆಂಡತಿ ಚೊಂಬಿನಲ್ಲಿ ನೀರು ತಂದು, ಮೇಲಿನಿಂದ ಸುರಿಯಲು ಕೈ ಎತ್ತಿದವಳು, ಏನನ್ನಿಸಿತೋ, ಚೊಂಬನ್ನೇ ಅವಳ ಕೈಗೆ ಕೊಟ್ಟಳು. ಹುಲುಗಮ್ಮ ನಿಂತೇ ಕುಡಿದಳು. ಹೆಗಲ ಮೇಲೆ ಡಬ್ಬಿ ಇರಲಿಲ್ಲ, ಆದರೂ ಮೈ ಎಡಕ್ಕೇ ವಾಲಿತ್ತು. ಅವಳಿಗೆ ಸಂತೋಷವಾಗಲಿಲ್ಲ, ಬಹಳ ದಣಿವಾಯಿತು, ಅಲ್ಲೇ ಆ ಹಿಕ್ಕೆಯ ನೆಲದಲ್ಲಿ ಮಲಗಿಬಿಡೋಣ ಎನ್ನುವಷ್ಟು.

"ಇದನ್ನ ಇನ್ನಾ ಎಷ್ಟು ಹಟ್ಟ್ಯಾಗ ಹೇಳಬೇಕು ನೀ?" ಎಂದು ಪಕ್ಕೀರಪ್ಪನನ್ನು ಕೇಳಿದಳು.

"ನೀ ಬೈಸಿಕೊಂಡ ಅಷ್ಟೂ ಹಟ್ಟ್ಯಾಗ."

"ಹಂಗಾರ ಸಂಜಿ ಆಕತಿ. ಕುರಿ ಹಿಡಿ, ಐಸ್ ಕರಗತೈತಿ," ಎಂದು ಹುಲುಗಮ್ಮ ಸೆರಗು ಸಿಕ್ಕಿಸಿಕೊಂಡು ಬೇಲಿಯ ಒಳಗೆ ಹೋದಳು.